ಮಾಗಡಿಗೆ, ರಾಮನಗರಕ್ಕೆ, ಕನಕನಿಗೆ

ಹೋದ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ನಾವು ನಾಲ್ವರು ಸೇರಿ ರೇಷ್ಮೆ ಬೆಳೆಗಾರರಿಗೆ ಒಂದು ಸಣ್ಣ ಆ್ಯಪ್ ಮಾಡಿದ್ವಿ. ಚಾಕಿ ಹುಳು ತರುವ ಗಾಡಿ ಯಾವ ಊರಿಗೆ ಯಾವತ್ತು ಬರುತ್ತದೆ ಅಂತ ಕನ್ನಡದಲ್ಲಿ ಮೆಸೇಜ್ ಕಳಿಸೋದು, ಅಷ್ಟೇ ಕೆಲಸ. ಊರಿನ ಹೆಸರು ಒಂದು ಸ್ಟ್ರಿಂಗು, ‘ಕ್ಕೆ’ ಅನ್ನೋದು ಇನ್ನೊಂದು ಸ್ಟ್ರಿಂಗು, ಎರಡನ್ನೂ ಅಂಟಿಸಿದರೆ ಆಯಿತು ಅಂದುಕೊಂಡ್ವಿ. ರಾಮನಗರಕ್ಕೆ, ಚನ್ನಪಟ್ಟಣಕ್ಕೆ, ಕನಕಪುರಕ್ಕೆ. ಮೂರೂ ಸರಿ ಬಂದವು. ನಾಲ್ಕನೆಯದನ್ನು ನೋಡುವ ಗೋಜಿಗೇ ಹೋಗಲಿಲ್ಲ. ತಂಡದವನೊಬ್ಬನ ಅಪ್ಪ ಕುದೂರಿನ ಕಡೆಯವರು, ಹುಳು ಸಾಕುವವರು. ಅವರ ಫೋನಿಗೆ ‘ಗಾಡಿ ನಾಳೆ ಮಾಗಡಿಕ್ಕೆ ಬರುತ್ತದೆ’ ಅಂತ ಹೋಯಿತು. ‘ಇದ್ಯಾವ ಸೀಮೆ ಕನ್ನಡ ಕಣ್ರಪ್ಪಾ?’ ಅಂದರು.

ಮೂರು ಊರು ಸರಿಹೋದದ್ದು ನಮ್ಮ ಜಾಣತನದಿಂದಲ್ಲ. ನಗರ, ಪಟ್ಟಣ, ಪುರ ಮೂರಕ್ಕೂ ಊರು ಅಂತಲೇ ಅರ್ಥ. ಮೂರೂ ‘ಅ’ಕಾರದಲ್ಲಿ ಮುಗಿಯುತ್ತವೆ. ಅಂಥ ವಸ್ತುವಾಚಕ ಪದಕ್ಕೆ ‘ಕ್ಕೆ’ ಹತ್ತುತ್ತದೆ, ‘ಅಲ್ಲಿ’ ಹತ್ತುವಾಗ ನಡುವೆ ಒಂದು ‘ದ’ ಬರುತ್ತದೆ: ರಾಮನಗರದಲ್ಲಿ. ಮಾಗಡಿ, ಬಿಡದಿ, ಹಾರೋಹಳ್ಳಿ ‘ಇ’ಕಾರದವು: ಮಾಗಡಿಗೆ, ಮಾಗಡಿಯಲ್ಲಿ. ಸರಿ, ಕೊನೇ ಅಕ್ಷರ ನೋಡಿ ಒಂದು ಇಫ್-ಎಲ್ಸ್ ಹಾಕಿದರೆ ಮುಗೀತಲ್ಲ ಅಂದ್ವಿ. ಮುಗಿಯಲಿಲ್ಲ.

ಸಾತನೂರಿಗೆ ‘ಉ’ಕಾರ. ಹುಳುವಿಗೂ ‘ಉ’ಕಾರ. ಆದರೆ ಸಾತನೂರು ‘ಸಾತನೂರಿಗೆ’ ಆಗುತ್ತದೆ, ‘ಉ’ ಬಿದ್ದುಹೋಗುತ್ತದೆ. ಹುಳು ‘ಹುಳುವಿಗೆ’ ಆಗುತ್ತದೆ, ‘ಉ’ ಅಲ್ಲೇ ಗಟ್ಟಿಯಾಗಿ ಕೂತಿರುತ್ತದೆ. ಹಳಗನ್ನಡದಲ್ಲಿ ಆ ಪದ ‘ಊರ್’. ಉಚ್ಚಾರಣೆಯ ಅನುಕೂಲಕ್ಕೆ ಆಮೇಲೆ ಸೇರಿಕೊಂಡ ‘ಉ’ ಅದು, ಪ್ರತ್ಯಯ ಬಂದ ಕೂಡಲೆ ಜಾಗ ಬಿಡುತ್ತದೆ. ಹುಳುವಿನ ‘ಉ’ ಪದದ ಸ್ವಂತದ್ದು. ನೋಡೋಕೆ ಎರಡೂ ಒಂದೇ, ಭಾಗಗಳು ಬೇರೆ. (ನಮ್ಮ ಕಡೆ ಮಾತಿನಲ್ಲಿ ಅದು ಹುಳು ಅಲ್ಲ, ಹುಳ. ಆಗ ‘ಹುಳಕ್ಕೆ ಸೊಪ್ಪು ಹಾಕು’ ಅಂತೀವಿ. ಪ್ರಾಣಿ ಅದೇ, ಪದ ಒಂಚೂರು ಬದಲಾಗಿದ್ದಕ್ಕೆ ಪ್ರತ್ಯಯವೂ ಬದಲಾಯಿತು.)

ಈ ಗೊಂದಲಕ್ಕೆ ಒಳ್ಳೇ ಹೋಲಿಕೆ ಸಿಕ್ಕಿದ್ದು ಆ ಹುಳುಮನೆಯಲ್ಲೇ. ತಟ್ಟೆಯ ಮೇಲಿನ ರೇಷ್ಮೆಹುಳುವಿನ ಕಾಲು ಎಣಿಸಿ ನೋಡಿ: ಎಂಟು ಜೊತೆ. ಆದರೆ ಕೀಟ ಅಂದಮೇಲೆ ಮೂರೇ ಜೊತೆ ಇರಬೇಕಲ್ಲ? ಎದೆಭಾಗದ ಮುಂದಿನ ಮೂರು ಜೊತೆ ಮಾತ್ರ ಕೀಲುಗಳಿರುವ ನಿಜವಾದ ಕಾಲು. ಹಿಂದಿನ ಐದು ಜೊತೆ ಹೊಟ್ಟೆಭಾಗದಿಂದ ಹೊರಟ ಮೆತ್ತನೆಯ ಗುಬ್ಬಿಗಳು, ಎಲೆಯನ್ನು ಹಿಡಿದುಕೊಳ್ಳಲಿಕ್ಕೆ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇವು ಬಿಟ್ಟು ತಲೆಯೆತ್ತಿ ಅಲ್ಲಾಡದೆ ಮಲಗುವುದನ್ನು ಬೆಳೆಗಾರರು ‘ಜ್ವರ’ ಅಂತಾರೆ. ನಾಲ್ಕು ಜ್ವರ ಎದ್ದು, ಹಣ್ಣಾಗಿ, ಚಂದ್ರಿಕೆಯ ಮೇಲೆ ಗೂಡು ಕಟ್ಟಿ, ಒಳಗೆ ಕೋಶವಾಗಿ, ಪತಂಗವಾಗಿ ಹೊರಬರುವಾಗ ಮುಂದಿನ ಮೂರು ಜೊತೆ ಕಾಲು ಇರುತ್ತವೆ, ಹಿಂದಿನ ಐದು ಇರುವುದಿಲ್ಲ. ಸಾತನೂರಿನ ‘ಉ’ ಹೋಗಿ ಹುಳುವಿನ ‘ಉ’ ಉಳಿದ ಹಾಗೆ. ಎರಡೂ ಕಡೆ ಕೇಳಬೇಕಾದ ಪ್ರಶ್ನೆ ಒಂದೇ: ಹೊರಗೆ ಒಂದೇ ಥರ ಕಾಣುವ ಎರಡು ಭಾಗ ನಿಜಕ್ಕೂ ಒಂದೇನಾ?

ಈ ಪ್ರಶ್ನೆ ಕೇಳುವ ಶಾಸ್ತ್ರಕ್ಕೆ ಇಂಗ್ಲಿಷಿನಲ್ಲಿ ಎರಡೂ ಕಡೆ ಮಾರ್ಫಾಲಜಿ ಎಂದೇ ಹೆಸರು. ಜರ್ಮನ್ ಕವಿ ಗಯಟೆ 1790ರಲ್ಲಿ ಗಿಡಗಳ ಬಗ್ಗೆ ಒಂದು ಪುಸ್ತಕ ಬರೆದು, ಹೂವಿನ ದಳ, ಕೇಸರಗಳೆಲ್ಲ ಎಲೆಯದೇ ಮಾರ್ಪಾಡು ಎಂದು ವಾದಿಸಿದ್ದ. ಜೀವಿಗಳ ರೂಪದ ಅಧ್ಯಯನಕ್ಕೆ ಈ ಹೆಸರನ್ನು ಬಳಕೆಗೆ ತಂದವರಲ್ಲಿ ಅವನೂ ಒಬ್ಬ. 1859ರಲ್ಲಿ ಆಗಸ್ಟ್ ಶ್ಲೈಶರ್ ಅದನ್ನು ಭಾಷೆಗೆ ತಂದ. ಕನ್ನಡದಲ್ಲಿ ನಾವು ಒಂದನ್ನು ರೂಪವಿಜ್ಞಾನ, ಇನ್ನೊಂದನ್ನು ಆಕೃತಿಮಾ ವಿಜ್ಞಾನ ಅಂತ ಬೇರೆ ಬೇರೆ ಮಾಡಿಕೊಂಡಿದ್ದೇವೆ, ನಂಟೇ ಕಾಣದ ಹಾಗೆ. ಹೆಸರು ಹೊಸದಿರಬಹುದು, ಕೆಲಸ ಹೊಸದಲ್ಲ. ಕೇಶಿರಾಜ 13ನೇ ಶತಮಾನದಲ್ಲೇ ಶಬ್ದಮಣಿದರ್ಪಣದಲ್ಲಿ ಪದಗಳನ್ನು ಬಿಚ್ಚಿ ಭಾಗ ಗುರುತಿಸಿದ್ದ. ಅವನ ಕಾಲದ ಕನ್ನಡದಲ್ಲಿ ಸಪ್ತಮಿಗೆ ‘ಒಳ್’. ಒಳಗೆ ಅನ್ನುವುದರಲ್ಲಿ ಇರುವುದೂ ಅದೇ. ಈಗ ನಾವು ಬಳಸುವ ‘ಅಲ್ಲಿ’ಯೂ ಮೊದಲೇ ಬೇರೆ ಕೆಲಸ ಇದ್ದ ಪದ. ಇಲ್ಲಿ, ಅಲ್ಲಿ ಅಂತ ಕೈ ತೋರಿಸುತ್ತಿದ್ದದ್ದು ಪ್ರತ್ಯಯವಾಯಿತು. ಮಾತಿನಲ್ಲಿ ಇನ್ನೂ ಸವೆದು ‘ಮಾಗಡೀಲಿ’ ಆಯಿತು. ಹುಳುವಿನಲ್ಲೂ ಹೀಗೇ ಆಗಿದೆ. ನೂಲು ಬಿಡುವ ಆ ಉದ್ದನೆಯ ಗ್ರಂಥಿ ಮೂಲದಲ್ಲಿ ಜೊಲ್ಲಿನ ಗ್ರಂಥಿ.

ರೂಪ ನೋಡಿ ಎಲ್ಲವನ್ನೂ ಹೇಳೋಕಾಗುತ್ತೆ ಅಂತಲ್ಲ. ಮಾರುಕಟ್ಟೆಯಲ್ಲಿ ಗೂಡು ಎರಡು ಥರ: ದ್ವಿತಳಿ, ಮಿಶ್ರತಳಿ. ಪದ ಬಿಡಿಸಿದರೆ ದ್ವಿತಳಿ ಅಂದರೆ ಎರಡು ತಳಿ ಸೇರಿದ್ದು ಅನ್ನಿಸುತ್ತದೆ. ಹಾಗಲ್ಲ, ವರ್ಷಕ್ಕೆ ಸಹಜವಾಗಿ ಎರಡೇ ತಲೆಮಾರು ಮುಗಿಸುವ ಹುಳುವಿನದು ಅದು, ಗೂಡು ಬಿಳಿ. ಮೈಸೂರು ತಳಿಯ ಹೆಣ್ಣಿಗೆ ದ್ವಿತಳಿಯ ಗಂಡು ಕೂಡಿಸಿ ಪಡೆದದ್ದು ಮಿಶ್ರತಳಿ, ಅದರ ಗೂಡು ಹಳದಿ ಛಾಯೆಯದು. ನಮ್ಮ ಡೇಟಾ ಶೀಟಿನಲ್ಲಿ ಇದನ್ನೂ ಉಲ್ಟಾ ಹಾಕಿದ್ವಿ ಅಂತ ಒಪ್ಪಿಕೊಳ್ತೀವಿ.

ನಿಜವಾಗಿ ನಾಚಿಕೆಯಾದದ್ದು ಇನ್ನೊಂದು ಕಡೆ. ಊರಿನ ಹೆಸರಿಗೆ ಬರೆದ ಅದೇ ಫಂಕ್ಷನ್ನನ್ನು ಬೆಳೆಗಾರರ ಹೆಸರಿಗೂ ಕರೆದಿದ್ವಿ. ಕನಕ ಅನ್ನೋ ಹೆಸರು ತಗೊಳ್ಳಿ. ಕನಕನಿಗೆ ಅಂದರೆ ಗಂಡಸು, ಕನಕಳಿಗೆ ಅಂದರೆ ಹೆಂಗಸು, ಕನಕಕ್ಕೆ ಅಂದರೆ ಬಂಗಾರ. ರಾಮನಿಗೆ ‘ನಿಗೆ’, ರಾಮನಗರಕ್ಕೆ ‘ಕ್ಕೆ’, ಎರಡೂ ‘ಅ’ಕಾರವೇ. ಕೊನೇ ಅಕ್ಷರ ಇಲ್ಲಿ ಏನೂ ಹೇಳುವುದಿಲ್ಲ. ಹೆಸರಿನ ಹಿಂದೆ ಮನುಷ್ಯ ಇದ್ದಾನಾ, ವಸ್ತು ಇದೆಯಾ ಅಂತ ಕನ್ನಡ ಕೇಳುತ್ತದೆ. ನಮ್ಮ ಆ್ಯಪ್ ಕೇಳಲಿಲ್ಲ. ಹೆಸರು ‘ಅ’ದಲ್ಲಿ ಮುಗಿಯುವ ಪ್ರತಿಯೊಬ್ಬ ಬೆಳೆಗಾರನಿಗೂ ‘ರಾಮಕ್ಕೆ ಹಣ ಸಂದಾಯವಾಗಿದೆ’ ಅನ್ನೋ ಧಾಟಿಯಲ್ಲಿ, ಮರಕ್ಕೆ ಕಲ್ಲಿಗೆ ಹೇಳಿದ ಹಾಗೆ ಮೆಸೇಜ್ ಹೋಗುತ್ತಿತ್ತು. ಟೆಸ್ಟಿಂಗಿನಲ್ಲೇ ಕಂಡದ್ದು ಪುಣ್ಯ.

‘ರಾಮ ಅವರಿಗೆ’ ಅಂತ ಹಾಕಿ ಜಾರಿಕೊಳ್ಳಬಹುದಿತ್ತು. ಬಹಳ ಆ್ಯಪುಗಳು ಮಾಡೋದು ಅದನ್ನೇ. ಬೆಳೆಗಾರರ ಹೆಸರಿಗೆ ನಾವೂ ಸದ್ಯಕ್ಕೆ ಅದನ್ನೇ ಇಟ್ಟಿದ್ದೀವಿ, ಮರ್ಯಾದೆಯೂ ಉಳಿಯಿತು. ಊರುಗಳಿಗೆ ಮಾತ್ರ ಪಟ್ಟಿ ಮಾಡಿ ‘ಅ’, ‘ಇ’, ಬೀಳುವ ‘ಉ’, ಉಳಿಯುವ ‘ಉ’ ಅಂತ ವಿಂಗಡಿಸುತ್ತಿದ್ದೀವಿ. ಕೆಂಗಲ್ ಹತ್ತಿರ ನಿಂತಿದ್ದೀವಿ: ಕೆಂಗಲ್‌ಗೆ ಅನ್ನಬೇಕೋ, ಕೆಂಗಲ್ಲಿಗೆ ಅನ್ನಬೇಕೋ? ಚನ್ನಪಟ್ಟಣದ ಕಡೆಯವರು ಯಾರಾದರೂ ಇದ್ದರೆ ಕ್ಲಬ್ಬಿನ ಕಡೆ ಬಂದು ಹೇಳಿ.