ಫಾರ್ವರ್ಡ್ ಆದ ಪಾಠವನ್ನು ತಿದ್ದುವುದು ಹೇಗೆ?

ಕಳೆದ ಮಳೆಗಾಲದ ಕತೆ. ಕೆರಾಡಿಯ ನಮ್ಮ ಪಕ್ಕದ ತೋಟದವರು ಬೆಳಿಗ್ಗೆ ಬೆಳಿಗ್ಗೆಯೇ ಬಂದು ಫೋನ್ ತೋರಿಸಿದರು. "ನೀವ್ ಬರ್ದದ್ ಕಂಡ್ಕಂಡೇ ಮದ್ದ್ ಬಿಟ್ಟದ್ ಮಾರಾಯ್ರೆ. ಎಳೆ ಅಡಿಕೆ ಎಲ್ಲ ಸುಟ್ಟ್ ಹೋಯ್ತ್, ಕಾಣಿ."

ನೋಡಿದರೆ ನನ್ನದೇ ಕೈಬರಹ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಕ್ರಮವನ್ನು ನೋಟ್‌ಬುಕ್ಕಿನಲ್ಲಿ ಬರೆದು, ಫೋಟೋ ತೆಗೆದು ವಾಟ್ಸ್ಆ್ಯಪ್‌ಗೆ ಹಾಕಿದ್ದೆ. ಅದು ಊರೂರು ಸುತ್ತಿ ಬರುವಷ್ಟರಲ್ಲಿ ಯಾರೋ ಕೆಳಗಿನ ಎರಡು ಸಾಲು ಕತ್ತರಿಸಿಬಿಟ್ಟಿದ್ದರು.

ಅಳತೆ ಉಳಿದಿತ್ತು: 50 ಲೀಟರ್ ನೀರಿನಲ್ಲಿ 1 ಕೆ.ಜಿ. ಮೈಲುತುತ್ತ, ಇನ್ನೊಂದು 50 ಲೀಟರಿನಲ್ಲಿ 1 ಕೆ.ಜಿ. ಸುಣ್ಣ, ಸುಣ್ಣದ ನೀರಿಗೆ ತುತ್ತದ ನೀರನ್ನು ಕಲಕುತ್ತಾ ಸುರಿಯಬೇಕು. ಹೋಗಿದ್ದು ಪರೀಕ್ಷೆಯ ಸಾಲು: ಉಜ್ಜಿ ಹೊಳೆಯುವ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ, ಕೆಂಪು ತಾಮ್ರ ಅಂಟಿದರೆ ಇನ್ನಷ್ಟು ಸುಣ್ಣ ಸೇರಿಸಿ. ಅವರ ಸುಣ್ಣ ಹಳೆಯದು, ಗಾಳಿಗೆ ಶಕ್ತಿ ಕಳೆದುಕೊಂಡದ್ದು. ಆ ಸಾಲು ಇದ್ದಿದ್ದರೆ ಅಡಿಕೆ ಉಳೀತಿತ್ತು.

ಮರುವರ್ಷವೇ ನಾನು ಸ್ಪಷ್ಟವಾಗಿ ಬರೆದು ಮತ್ತೊಂದು ಮೆಸೇಜ್ ಹಾಕಿದ್ದೆ. ಆದರೆ ಎರಡನೇ ಮೆಸೇಜು ಮೊದಲನೆಯದನ್ನು ಓಡಿಹೋಗಿ ಹಿಡಿಯೋದಿಲ್ಲವಲ್ಲ!

ತಿದ್ದಬಹುದಾದ ಪಾಠ ಬೇಕು

ಇದಕ್ಕೆ ದಾರಿ ಮುಕ್ತ ಶೈಕ್ಷಣಿಕ ಸಂಪನ್ಮೂಲ. ಯಾರು ಬೇಕಾದರೂ ಓದಬಹುದು, ಇಟ್ಟುಕೊಳ್ಳಬಹುದು, ತಿದ್ದಬಹುದು, ಹಂಚಬಹುದು ಎಂದು ಬರೆದವರೇ ಅನುಮತಿ ಕೊಟ್ಟ ಪಾಠ. ಯುನೆಸ್ಕೊ ಸಭೆಯಲ್ಲಿ 2002ರಲ್ಲಿ ಈ ಹೆಸರು ಹುಟ್ಟಿತು. ನಮ್ಮ ರಾಜ್ಯದ ಸರ್ಕಾರಿ ಹೈಸ್ಕೂಲ್ ಶಿಕ್ಷಕರು ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಜೊತೆ ಸೇರಿ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ತಾಣ ಕಟ್ಟಿದ್ದಾರೆ. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ಎಂಬ ಉಚಿತ ತಂತ್ರಾಂಶದ ಮೇಲೆಯೇ ಅದೂ ನಡೆಯುತ್ತದೆ. ಯಾರು, ಯಾವಾಗ, ಏನು ತಿದ್ದಿದರು ಅನ್ನುವುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ.

ಕೃಷಿಕರು ಬರೆಯುವುದು ನಮಗೆ ಹೊಸದಲ್ಲ. 1988ರಲ್ಲಿ ಪುತ್ತೂರಿನಲ್ಲಿ ಶುರುವಾದ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಪೆನ್ನು ಕೊಟ್ಟಿತು. ನಮ್ಮ ಕೈಲಿರುವುದು ಫೋನು, ಅಷ್ಟೇ ವ್ಯತ್ಯಾಸ.

ತಾಣ ಹೇಗಿರಬೇಕು?

ನಾವು ನಾಲ್ಕೈದು ಜನ ಕೂತು ಒಪ್ಪಿಕೊಂಡ ನಿಯಮಗಳು ಇವು:

1. ಫೋಟೋದಲ್ಲಿ ಅಕ್ಷರ ಬೇಡ, ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿ. ಹುಡುಕಿದರೆ ಸಿಗುತ್ತದೆ, ತಿದ್ದಲೂ ಬರುತ್ತದೆ, ನೆಟ್‌ವರ್ಕ್ ಕಮ್ಮಿ ಇದ್ದರೂ ತೆರೆಯುತ್ತದೆ.

2. ಒಂದು ಪಾಠ, ಒಂದೇ ಕೆಲಸ. ಮೇಲೆಯೇ ಊರು, ತಿಂಗಳು, ಮಣ್ಣು, ಕೊನೆಯ ಸಲ ತಿದ್ದಿದ ದಿನ ಇರಲಿ. ಕೆರಾಡಿಯ ಮಳೆಗೆ ಹೇಳಿದ್ದು ಚಿತ್ರದುರ್ಗಕ್ಕೆ ಹೊಂದಲ್ಲ.

3. ಎಚ್ಚರಿಕೆ ಕೊನೆಯಲ್ಲಿ ಬೇಡ, ಅಳತೆಯ ಪಕ್ಕದಲ್ಲೇ ಬರಲಿ. ನನ್ನ ತಪ್ಪು ಅದೇ.

4. ಪ್ರಕಟಿಸುವ ಮೊದಲು ಇಬ್ಬರು ನೋಡಲಿ: ಮಾಡಿ ಗೊತ್ತಿರುವ ಕೃಷಿಕರೊಬ್ಬರು, ಶಾಸ್ತ್ರ ಓದಿದವರೊಬ್ಬರು.

5. ಫಾರ್ವರ್ಡ್ ಮಾಡುವುದಾದರೆ ಲಿಂಕನ್ನೇ ಮಾಡಿ. ಪುಟ ತಿದ್ದಿದರೆ ಎಲ್ಲರ ಫೋನಿನಲ್ಲೂ ತಿದ್ದಿದ್ದೇ ಕಾಣುತ್ತದೆ.

6. ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್ಎ ಪರವಾನಗಿ ಹಾಕಿ. ಬರೆದವರ ಹೆಸರು ಹೇಳಿ ಬಳಸಿ, ತಿದ್ದಿದ್ದನ್ನೂ ಹೀಗೆಯೇ ಮುಕ್ತವಾಗಿ ಹಂಚಿ ಎಂದು ಇದರ ಅರ್ಥ. ಪುಕ್ಕಟೆ ನೋಡಲು ಸಿಕ್ಕಿದ್ದೆಲ್ಲ ಮುಕ್ತವಲ್ಲ, ಬೇರೆಯವರ ಚಿತ್ರವನ್ನು ಕೇಳದೆ ಹಾಕಬೇಡಿ.

ದೊಡ್ಡ ತಾಣ ಕಟ್ಟೋಕೆ ಕಾಯಬೇಡಿ. ನೀವು ಚೆನ್ನಾಗಿ ಬಲ್ಲ ಒಂದೇ ಕೆಲಸವನ್ನು ಈ ವಾರ ಹೀಗೆ ಬರೆದು, ಪಕ್ಕದ ತೋಟದವರಿಗೆ ಕೊಟ್ಟು, ಓದಿಕೊಂಡೇ ಮಾಡಲು ಹೇಳಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ನಿಮ್ಮ ಪಾಠ ತಿದ್ದಬೇಕು.

ನಮ್ಮ ಮೊದಲ ಪುಟ ಬೋರ್ಡೋ ದ್ರಾವಣದ್ದೇ. ಅದನ್ನು ಪರೀಕ್ಷಿಸಿದ ಕೃಷಿಕರು ಯಾರು ಗೊತ್ತಾ? ಅಡಿಕೆ ಕಳಕೊಂಡ ಅದೇ ನೆರೆಮನೆಯವರು. ಕತ್ತಿಯ ಸಾಲನ್ನು ಅವರೇ ಮೇಲಕ್ಕೆ ತಂದರು.