ಗೋಧಿಯನ್ನೊಲ್ಲದ ಕರುಳು

ರೋಣ ತಾಲ್ಲೂಕಿನ ಯಾವಗಲ್ ಸುತ್ತಿನ ಎರೆಹೊಲಗಳಲ್ಲಿ ಹಿಂಗಾರಿನ ಬಿಳಿಜೋಳವೂ ಗೋಧಿಯೂ ಒಂದೇ ಮಣ್ಣಿನ ತೇವವನ್ನುಂಡು ಬೆಳೆಯುತ್ತವೆ. ಜೋಳದ ರೊಟ್ಟಿ ದಿನದ ಊಟ. ಗೋಧಿಯ ಹುಗ್ಗಿ, ಹೋಳಿಗೆ ಹಬ್ಬದ ಊಟ. ಈ ಎರಡು ಧಾನ್ಯಗಳ ನಡುವಣ ಒಂದು ಭೇದವು ಇನ್ಸುಲಿನ್ ಚುಚ್ಚಿಕೊಳ್ಳುವ ಕೆಲವರ ಪಾಲಿಗೆ ಬಹಳ ಮುಖ್ಯವಾದುದು.

ಆ ಭೇದವನ್ನು ವಾಚಕರು ಮನೆಯಲ್ಲಿಯೇ ಪರೀಕ್ಷಿಸಬಹುದು. ಗೋಧಿಹಿಟ್ಟಿನ ಕಣಕವನ್ನು ನೀರಿನಲ್ಲಿ ಹಿಸುಕಿ ತೊಳೆಯುತ್ತ ಹೋದರೆ ಪಿಷ್ಟವು ಹರಿದುಹೋಗಿ ರಬ್ಬರಿನಂಥ ಮುದ್ದೆಯೊಂದು ಉಳಿಯುವುದು. ಅದೇ ಗ್ಲೂಟೆನ್ ಎಂಬ ಪ್ರೋಟೀನು. ಹೋಳಿಗೆಯ ಕಣಕವು ಹರಿಯದೆ ಹಿಗ್ಗುವುದು ಇದರ ಬಲದಿಂದ. ಜೋಳದಲ್ಲಿ ಇದಿಲ್ಲ, ಆದುದರಿಂದಲೇ ರೊಟ್ಟಿ ತಟ್ಟಲು ಬಿಸಿನೀರೂ ಬೇಕು, ಕೈಚಳಕವೂ ಬೇಕು.

ನಮ್ಮ ಸಣ್ಣ ಕರುಳಿನ ಒಳಮೈ ನುಣುಪಾದುದಲ್ಲ. ನೂಲೆಳೆಗಳೆದ್ದ ಟವೆಲಿನಂತೆ ಅದರ ತುಂಬ ಸೂಕ್ಷ್ಮವಾದ ರಸಾಂಕುರಗಳುಂಟು. ಮೈವಿಸ್ತಾರ ಹೆಚ್ಚಿದಷ್ಟೂ ಹೀರುವ ಶಕ್ತಿ ಹೆಚ್ಚು. ಕೆಲವರಲ್ಲಿ ದೇಹದ ರಕ್ಷಣಾವ್ಯವಸ್ಥೆಯು ಗ್ಲೂಟೆನ್ನಿನಿಂದ ಕೆರಳಿ ತನ್ನ ಕರುಳನ್ನೇ ಹೊಡೆಯುವುದು. ರಸಾಂಕುರಗಳು ಸವೆದು ಚಪ್ಪಟೆಯಾಗುವುವು. ಇದೇ ಸೀಲಿಯಾಕ್ ರೋಗ. ಡಚ್ ಮಕ್ಕಳ ವೈದ್ಯ ಡಿಕೆಯು ಗೋಧಿಯ ಮೇಲೆ ತಳೆದಿದ್ದ ಸಂಶಯವು 1944-45ರ ಬರಗಾಲದ ಚಳಿಗಾಲದಲ್ಲಿ ಬಲಗೊಂಡಿತು; 1950ರಲ್ಲಿ ಅವನು ತನ್ನ ಪ್ರಬಂಧವನ್ನು ಮಂಡಿಸಿದನು.

ಒಂದನೆಯ ಬಗೆಯ ಮಧುಮೇಹವೂ ಇಂಥ ಸ್ವಂತದ ಮೇಲಿನ ದಾಳಿಯೇ. ಅಲ್ಲಿ ಪೆಟ್ಟು ತಿನ್ನುವುದು ಮೇದೋಜೀರಕಾಂಗದ ಇನ್ಸುಲಿನ್ ಕೋಶಗಳು. ಎರಡು ರೋಗಗಳಿಗೂ ಎಡೆಗೊಡುವ ಅನುವಂಶಿಕ ಗುಣಗಳಲ್ಲಿ ಕೆಲವು ಒಂದೇ. ಆದುದರಿಂದ ಈ ಮಧುಮೇಹವುಳ್ಳವರಲ್ಲಿ ಸೀಲಿಯಾಕ್ ರೋಗವು ಇತರರಿಗಿಂತ ಹಲವು ಪಟ್ಟು ಹೆಚ್ಚು. ವಯಸ್ಕರಲ್ಲಿ ಅದು ಹೊಟ್ಟೆನೋವು, ಭೇದಿಗಳಿಲ್ಲದೆ ಬರಿಯ ರಕ್ತಹೀನತೆಯಾಗಿಯೋ ದಣಿವಾಗಿಯೋ ಅಡಗಿರಬಹುದು.

ಇಲ್ಲಿ ಅಪಾಯವೊಂದುಂಟು. ಇನ್ಸುಲಿನ್ನಿನ ಪ್ರಮಾಣವನ್ನು ಗೊತ್ತುಮಾಡುವುದು ಉಂಡ ಅನ್ನದ ಲೆಕ್ಕದಿಂದ. ಆದರೆ ಸವೆದ ಕರುಳು ಅಷ್ಟನ್ನೂ ಹೀರದು. ಜಮೆ ಕಡಿಮೆ, ಖರ್ಚು ಮೊದಲಿನಷ್ಟೇ! ರಕ್ತದ ಸಕ್ಕರೆ ಹಠಾತ್ತನೆ ಕುಸಿದು ಬೆವರು, ನಡುಕ, ಮೈಮರೆವು ಬರಬಹುದು. ಕಾರಣವಿಲ್ಲದೆ ಪದೇ ಪದೇ ಹೀಗಾದರೆ ತಪ್ಪು ಸೂಜಿಯಲ್ಲಿರದೆ ಕರುಳಿನಲ್ಲಿರಬಹುದು. ಮಧುಮೇಹಿಗಳಿಗೆ ನಮ್ಮವರು ಹೇಳುವ "ಅನ್ನ ಬಿಡು, ಚಪಾತಿ ತಿನ್ನು" ಎಂಬ ಬುದ್ಧಿವಾದವು ಇಂಥವರಿಗೆ ಕೇಡನ್ನೇ ತರುವುದು.

2016ರಲ್ಲಿ ಪ್ರಕಟವಾದ ಭಾರತದ ಸಮೀಕ್ಷೆಯೊಂದರಂತೆ ಈ ರೋಗವನ್ನು ಸೂಚಿಸುವ ರಕ್ತದ ಪ್ರತಿಕಾಯಗಳು ಕಂಡುಬಂದುದು ಉತ್ತರದ ವಯಸ್ಕರಲ್ಲಿ ನೂರಕ್ಕೆ 1.23, ದಕ್ಷಿಣದವರಲ್ಲಿ ನೂರಕ್ಕೆ 0.10. ಉತ್ತರದವರ ಊಟದಲ್ಲಿ ಗೋಧಿ ಬಹಳ ಹೆಚ್ಚು. ಜೋಳದ ನಾಡಿನಲ್ಲಿಯೂ ಚಪಾತಿ, ಬ್ರೆಡ್ಡು, ಬಿಸ್ಕತ್ತುಗಳು ಹೆಚ್ಚುತ್ತಿರುವಾಗ ಈ ಅಂಕಿಗಳು ಯೋಚಿಸತಕ್ಕವು.

ಸಂಶಯ ಬಂದೊಡನೆ ಗೋಧಿಯನ್ನು ಬಿಡಬಾರದು. ಬಿಟ್ಟರೆ ರಕ್ತಪರೀಕ್ಷೆಯಲ್ಲಿ ರೋಗದ ಗುರುತು ಮಾಸಿಹೋಗುವುದು. ಮೊದಲು ರಕ್ತಪರೀಕ್ಷೆ, ಬೇಕಾದರೆ ಕರುಳಿನ ಚೂರಿನ ಪರೀಕ್ಷೆ, ಆಮೇಲೆ ಪಥ್ಯ. ಆ ಪಥ್ಯವು ಜೀವಮಾನದ್ದು. ಗೋಧಿ, ರವೆ, ಮೈದಾ, ಬಾರ್ಲಿ ವರ್ಜ್ಯ. ಮಧುಮೇಹಕ್ಕೆ ಒಳ್ಳೆಯದೆಂದು ಹೊಗಳುವ ಸದಕ ಗೋಧಿಯೂ ವರ್ಜ್ಯ. ಅಂಗಡಿಯ ಇಂಗಿನಲ್ಲಿ ಸಹ ಗೋಧಿಹಿಟ್ಟು ಬೆರೆತಿರುವುದುಂಟು. ಕರುಳು ಚೇತರಿಸಿದಂತೆ ಹೀರುವಿಕೆ ಹೆಚ್ಚುವುದರಿಂದ ಇನ್ಸುಲಿನ್ನನ್ನು ವೈದ್ಯರು ಹೊಸದಾಗಿ ಲೆಕ್ಕಹಾಕಬೇಕು. ಅದನ್ನು ಬಿಡುವ ಮಾತೇ ಇಲ್ಲ. ಜೋಳದ ಪಿಷ್ಟವೂ ಸಕ್ಕರೆಯಾಗುವುದೇ.

ಜೋಳ, ಸಜ್ಜೆ, ನವಣೆ, ಅಕ್ಕಿಗಳು ನಮ್ಮ ಕೈಗೆಟಕುವಂಥವು. ಆದರೆ ಊರ ಗಿರಣಿಯಲ್ಲಿ ಗೋಧಿಯ ಹಿಂದೆಯೇ ಜೋಳವನ್ನು ಹಾಕಿದರೆ, ಕಲ್ಲಿಗಂಟಿದ ಗೋಧಿಹಿಟ್ಟು ಜೋಳದೊಡನೆ ಬರುವುದು. ಗ್ಲೂಟೆನ್‌ರಹಿತವೆನಿಸಲು ಒಂದು ಕಿಲೋಗ್ರಾಮ್ ಆಹಾರದಲ್ಲಿ ಅದು 20 ಮಿಲಿಗ್ರಾಮ್‌ಗಿಂತ ಹೆಚ್ಚಿರಕೂಡದು. ಇಂಥವರಿರುವ ಮನೆಯಲ್ಲಿ ಬೀಸುವ ಕಲ್ಲೊಂದನ್ನು ಜೋಳಕ್ಕೆಂದೇ ಮೀಸಲಿಟ್ಟರೆ ಅದೂ ಚಿಕಿತ್ಸೆಯ ಒಂದು ಭಾಗವೇ ಆಗುವುದು.