ಕಿಯಾಂಟಿಯ ಬಿಳಿಯ ಹಾದಿಗಳು

ಡಾಂಬರು ಕಾಣದ ರಸ್ತೆಯೇ ತಮ್ಮ ಊರಿನ ಭಾಗ್ಯವೆಂದು ಹೇಳಿಕೊಳ್ಳುವ ಜನರು ಭೂಮಿಯ ಮೇಲೆ ಎಲ್ಲಿಯಾದರೂ ಇದ್ದಾರೆಂದರೆ, ಜಲ್ಲಿ ಸುರಿದು ವರ್ಷಗಳುರುಳಿದರೂ ರೋಲರಿನ ಮುಖ ಕಾಣದ ಹಾದಿಗಾಗಿ ಅರ್ಜಿ ಬರೆದು ಬರೆದು ಬೇಸತ್ತಿರುವ ನಮ್ಮ ಹಳ್ಳಿಗರು ಅದನ್ನು ಪರಿಹಾಸ್ಯವೆಂದೇ ಬಗೆದಾರು. ಆದರೂ ಇಟಲಿಯ ಟಸ್ಕನಿ ಪ್ರಾಂತದಲ್ಲಿ, ಫ್ಲಾರೆನ್ಸ್ ಮತ್ತು ಸಿಯೆನಾ ಎಂಬ ಎರಡು ಪ್ರಾಚೀನ ನಗರಗಳ ನಡುವೆ ಹಬ್ಬಿರುವ ಕಿಯಾಂಟಿಯ ಗುಡ್ಡಗಾಡಿನಲ್ಲಿ, ಗರಸಿನ ಹಾದಿಗಳು ಗರಸಾಗಿಯೇ ಇರತಕ್ಕದ್ದೆಂದು ಹಟ ಹಿಡಿದು, ವಾದಿಸಿ, ಗೆದ್ದವರುಂಟು. ‘ಸ್ತ್ರಾದೆ ಬ್ಯಾಂಕೆ’, ಅಂದರೆ ಬಿಳಿಯ ರಸ್ತೆಗಳು, ಎಂದು ಕರೆಯಿಸಿಕೊಳ್ಳುವ ಈ ಹಾದಿಗಳ ಮೇಲೆ ಬೈಸಿಕಲ್ಲು ತುಳಿಯುವುದಕ್ಕೆಂದೇ ಈಗ ದೇಶದೇಶಗಳಿಂದ ಸವಾರರು ಬರುತ್ತಾರೆ. ಒರಟು ದಾರಿಗಳಿಗಾಗಿಯೇ ಸಿದ್ಧವಾದ ‘ಗ್ರ್ಯಾವೆಲ್ ಬೈಕು’ ಎಂಬ ಹೊಸ ಜಾತಿಯ ವಾಹನಕ್ಕೆ ಇದು ಪುಣ್ಯಕ್ಷೇತ್ರಗಳಲ್ಲೊಂದಾಗಿದೆ.

ಕಿಯಾಂಟಿಯ ಬೆಟ್ಟಗಳು ಎತ್ತರದಲ್ಲಿ ಅಸಾಧಾರಣವೇನಲ್ಲ. ಅವುಗಳಲ್ಲಿ ಅತ್ಯುನ್ನತವೆನಿಸಿದ ಸಾನ್ ಮಿಕೇಲೆ ಶಿಖರವೇ 893 ಮೀಟರಿಗೆ ಮುಗಿದುಹೋಗುತ್ತದೆ. ದ್ರಾಕ್ಷಿತೋಟಗಳ ನಾಡನ್ನು ಹಾದು 1,478 ಮೀಟರಿನ ನಂದಿಬೆಟ್ಟವನ್ನು ಮುಂಜಾನೆಯೇ ಏರಿ ಬರುವ ಬೆಂಗಳೂರಿನ ಸವಾರರಿಗೆ ಇದು ಅಲ್ಪವಾಗಿ ತೋರಿದರೆ ಆಶ್ಚರ್ಯವಿಲ್ಲ. ಆದರೆ ನಂದಿಯಲ್ಲಿ ಏರು ಒಂದು, ಇಳಿತ ಒಂದು. ಕಿಯಾಂಟಿಯಲ್ಲಾದರೋ ಏರಿ ಸಂಪಾದಿಸಿದ ಎತ್ತರವನ್ನೆಲ್ಲ ಮುಂದಿನ ಹಳ್ಳದಲ್ಲಿ ಕಳೆದು, ಆಚೆಯ ದಡದಲ್ಲಿ ಮರಳಿ ಗಳಿಸಿ, ಹೀಗೆಯೇ ದಿನವಿಡೀ ಗಳಿಸುತ್ತ ಕಳೆಯುತ್ತ ಸಾಗಬೇಕಾದುದರಿಂದ, ಗಯೋಲೆ ಎಂಬ ಸಣ್ಣ ಊರಿನಿಂದ ಹೊರಟು ದಕ್ಷಿಣದಲ್ಲಿ ಮೊಂಟಾಲ್ಚಿನೊವರೆಗೆ ಹೋಗಿ ಹಿಂದಿರುಗುವ 209 ಕಿಲೋಮೀಟರಿನ ಸುತ್ತು ಮುಗಿಯುವ ಹೊತ್ತಿಗೆ ಸವಾರನು ಒಟ್ಟಾರೆ 3,500 ಮೀಟರಿಗೂ ಮಿಕ್ಕ ಏರನ್ನು ಕಾಲಿನಿಂದ ತುಳಿದಿರುತ್ತಾನೆ. ಅದರಲ್ಲಿ ಸುಮಾರು ಅರ್ಧ ದೂರ ಡಾಂಬರಿಲ್ಲದ ನೆಲ.

ಆ ನೆಲದ ಸ್ವಭಾವವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಪದರಪದರವಾಗಿ ಸಿಡಿದು ಚೂರಾಗುವ ‘ಗಾಲೆಸ್ಟ್ರೊ’, ಸುಣ್ಣದ ಅಂಶ ಹೆಚ್ಚಾಗಿ ಬೆಳ್ಳಗೆ ಗಡುಸಾಗಿರುವ ‘ಅಲ್ಬೆರೇಸೆ’ ಎಂಬ ಎರಡು ಬಗೆಯ ಕಲ್ಲು ಇಲ್ಲಿ ಪ್ರಧಾನ. ನೀರನ್ನು ನಿಲ್ಲಗೊಡದೆ ಬೇರನ್ನು ಆಳಕ್ಕೆ ಇಳಿಯುವಂತೆ ಮಾಡುವ ಈ ಕಲ್ಲುನೆಲವೇ ಕಿಯಾಂಟಿಯ ಮದ್ಯಕ್ಕೆ ಮೂಲವಾದ ಸಾಂಜೊವೇಸೆ ದ್ರಾಕ್ಷಿಗೆ ಹಿತವಾದುದು. ಇದೇ ಸುಣ್ಣಗಲ್ಲು ಮನೆಗೆ ಗೋಡೆಯಾಗಿ, ತೋಟಕ್ಕೆ ಕಟ್ಟೆಯಾಗಿ, ಕಡೆಗೆ ಪುಡಿಯಾಗಿ ರಸ್ತೆಗೂ ಬಿದ್ದು ಅದಕ್ಕೆ ಬಿಳುಪನ್ನು ಕೊಟ್ಟಿದೆ. ಬೇಸಗೆಯಲ್ಲಿ ಒಂದು ಟ್ರ್ಯಾಕ್ಟರು ಹಾದುಹೋದರೆ ಸಾಕು, ಬದಿಯ ದ್ರಾಕ್ಷಿಸಾಲಿನ ಎಲೆಗಳ ಮೇಲೂ ಸವಾರನ ಹುಬ್ಬಿನ ಮೇಲೂ ಅದೇ ಹಿಟ್ಟು ಸಮನಾಗಿ ಕೂಡುತ್ತದೆ.

ಇಷ್ಟೊಂದು ಹಾದಿಗಳು, ಅದೂ ಇಷ್ಟು ಸುತ್ತುಬಳಸಿನ ಹಾದಿಗಳು, ಇಲ್ಲಿ ಏಕೆ ಹುಟ್ಟಿದವೆಂದು ವಿಚಾರಿಸಿದರೆ ಉತ್ತರ ಸಿಗುವುದು ಬೇಸಾಯದ ಚರಿತ್ರೆಯಲ್ಲಿ. ಶತಮಾನಗಳ ಕಾಲ ಟಸ್ಕನಿಯ ಭೂಮಿ ನಡೆದುಬಂದದ್ದು ‘ಮೆತ್ಸಾದ್ರಿಯಾ’ ಎಂಬ ವಾರದ ಪದ್ಧತಿಯಲ್ಲಿ: ಒಡೆಯನದು ನೆಲ ಮತ್ತು ಮನೆ, ಒಕ್ಕಲು ಕುಟುಂಬದ್ದು ಮೈಗೆಲಸ, ಬಂದ ಬೆಳೆಯಲ್ಲಿ ಅರ್ಧ ಅರ್ಧ. ಒಕ್ಕಲುಗಳು ಊರಿನಲ್ಲಿ ಒತ್ತಾಗಿ ವಾಸಿಸದೆ, ತಾವು ಗೇಯುವ ಹೊಲದ ನಡುವೆಯೇ, ಬಹುಮಟ್ಟಿಗೆ ಗುಡ್ಡದ ಬೆನ್ನಿನ ಮೇಲೆ, ಒಂಟಿ ಮನೆಗಳಲ್ಲಿ ಇರುತ್ತಿದ್ದುದರಿಂದ, ಆ ಒಂದೊಂದು ಮನೆಯನ್ನೂ ಒಡೆಯನ ಕಣಜಕ್ಕೆ, ಚರ್ಚಿಗೆ, ನೆರೆಮನೆಗೆ ಜೋಡಿಸಲು ಒಂದೊಂದು ಎತ್ತಿನ ಹಾದಿ ಬೇಕಾಯಿತು. ದ್ರಾಕ್ಷಿಯ ಬಳ್ಳಿಯನ್ನು ಆಗ ಪ್ರತ್ಯೇಕ ತೋಟವಾಗಿ ಬೆಳೆಯುತ್ತಿರಲಿಲ್ಲ. ಗದ್ದೆಯಂಚಿನ ಮೇಪಲ್ ಮರಗಳಿಗೆ ಹಬ್ಬಿಸಿ, ಸಾಲುಗಳ ನಡುವೆ ಗೋಧಿಯನ್ನು ಬಿತ್ತುತ್ತಿದ್ದರು. ಎರಡನೆಯ ಮಹಾಯುದ್ಧದ ತರುವಾಯ ಒಕ್ಕಲುಗಳು ಕಾರ್ಖಾನೆಯ ಸಂಬಳವನ್ನರಸಿ ನಗರಗಳಿಗೆ ಹೊರಟುಹೋದರು. 1964ರಲ್ಲಿ ಬಂದ ಕಾನೂನು ಹೊಸ ವಾರದ ಕರಾರುಗಳನ್ನೇ ನಿಷೇಧಿಸಿತು. ಮನೆಗಳು ಬರಿದಾದುವು, ಓಡಾಡುವವರೇ ಇಲ್ಲದ ಹಾದಿಗೆ ಡಾಂಬರು ಹಾಕುವವರಾರು? ಇಂದಿನ ಪ್ರವಾಸಿಯು ಮೆಚ್ಚಿ ನಿಂತು ಚಿತ್ರ ತೆಗೆದುಕೊಳ್ಳುವ ಬಿಳಿಯ ರಸ್ತೆ ಉಳಿದದ್ದು ಮೊದಲಿಗೆ ಯಾರ ಸೌಂದರ್ಯಪ್ರಜ್ಞೆಯಿಂದಲೂ ಅಲ್ಲ, ಆ ನಾಡಿನ ಬಡತನದಿಂದ ಎಂಬುದನ್ನು ಮರೆಯಲಾಗದು. ಒಕ್ಕಲು ಬಿಟ್ಟುಹೋದ ಆ ಕಲ್ಲುಮನೆಗಳಲ್ಲಿ ಎಷ್ಟೋ ಈಗ ಈಜುಕೊಳವುಳ್ಳ ಅತಿಥಿಗೃಹಗಳಾಗಿವೆ.

ಆದರೆ ಕಾಲಕ್ರಮದಲ್ಲಿ ಡಾಂಬರೂ ಹತ್ತಿರ ಬರತೊಡಗಿತು. ಅದನ್ನು ತಡೆಯಬೇಕೆಂದು ಹೊರಟವರಲ್ಲಿ ಮುಖ್ಯರು ಗಯೋಲೆಯ ಜಾನ್‌ಕಾರ್ಲೊ ಬ್ರೊಚ್ಚಿ. 1997ರಲ್ಲಿ ಅವರು 92 ಮಂದಿ ಸವಾರರನ್ನು ಕೂಡಿಸಿ, ಹಳೆಯ ಕಾಲದ ಬೈಸಿಕಲ್ಲುಗಳ ಮೇಲೆ, ಹಳೆಯ ಕಾಲದ ಉಣ್ಣೆಯ ಅಂಗಿಗಳನ್ನು ತೊಡಿಸಿ, ಬಿಳಿಯ ಹಾದಿಗಳಲ್ಲಿ ಒಂದು ಯಾತ್ರೆಯನ್ನು ಹೊರಡಿಸಿದರು. ‘ಲೆರೊಯಿಕಾ’ ಎಂಬ ಹೆಸರಿನ ಆ ಯಾತ್ರೆ ಅಕ್ಟೋಬರಿನ ಉತ್ಸವವಾಗಿ ಬೆಳೆದು, ಇಂದು ಸಾವಿರಾರು ಜನರನ್ನು ಆ ಪುಟ್ಟ ಊರಿಗೆ ಸೆಳೆಯುತ್ತದೆ. ಅದರ ಕಟ್ಟಳೆಗಳು ವಿಚಿತ್ರವಾಗಿಯೂ ಮುದ್ದಾಗಿಯೂ ಇವೆ: ಬೈಸಿಕಲ್ಲು 1987ಕ್ಕೆ ಹಿಂದಿನದಾಗಿರಬೇಕು, ಗೇರು ಬದಲಿಸುವ ಹಿಡಿ ಚೌಕಟ್ಟಿನ ಕೆಳಗಿನ ಕೊಳವೆಯ ಮೇಲಿರಬೇಕು, ಬ್ರೇಕಿನ ತಂತಿ ಕಣ್ಣಿಗೆ ಕಾಣುವಂತೆ ಹೊರಗೆ ಹಾದಿರಬೇಕು, ಪೆಡಲಿಗೆ ಪಾದವನ್ನು ಬಿಗಿಯಲು ತೊಗಲಿನ ಪಟ್ಟಿಯೇ ಆಗಬೇಕು. ಬೆಳಕು ಹರಿಯುವ ಮುನ್ನ ಹೊರಟವರಿಗೆ ಬ್ರೋಲಿಯೊ ಕೋಟೆಯ ಏರಿನಲ್ಲಿ ದಾರಿಯ ಇಕ್ಕೆಲಗಳಲ್ಲೂ ದೀಪಗಳನ್ನಿಡುತ್ತಾರೆ. ನಡುದಾರಿಯ ತಂಗುದಾಣಗಳಲ್ಲಿ ಹುರುಳಿಕಾಯಿಯ ಬೀಜ, ಕರಿಯ ಎಲೆಕೋಸು, ಹಿಂದಿನ ದಿನದ ಒಣ ಬ್ರೆಡ್ಡುಗಳನ್ನು ಮತ್ತೆ ಮತ್ತೆ ಕುದಿಸಿ ಮಾಡಿದ ‘ರಿಬೊಲ್ಲೀತಾ’ ಎಂಬ ಗಂಜಿಯನ್ನು ಬಡಿಸುತ್ತಾರೆ. ಒಕ್ಕಲು ಮನೆಯ ಉಳಿಕೆಯ ಅಡುಗೆಯೇ ಇಂದು ಗಣ್ಯರ ಉಪಾಹಾರವಾಗಿರುವುದನ್ನು ಕಂಡು ನಗುವವರಿದ್ದರೆ ನಗಲಿ. ಡಾಂಬರಿನ ಯಂತ್ರವನ್ನು ನಿಲ್ಲಿಸುವುದಕ್ಕೆ ಈ ಹಬ್ಬ ನೆರವಾಯಿತೆಂಬುದಂತೂ ದಿಟ. ವರ್ಷದ ಉಳಿದ ದಿನಗಳಲ್ಲಿಯೂ ಯಾರಾದರೂ ಹೋಗಬಹುದಾದಂತೆ ಆ 209 ಕಿಲೋಮೀಟರಿನ ಹಾದಿಯುದ್ದಕ್ಕೂ ಫಲಕಗಳನ್ನು ನೆಟ್ಟಿದ್ದಾರೆ.

ಹಳೆಯ ಉಕ್ಕಿನ ಬೈಸಿಕಲ್ಲು ಎಲ್ಲರಿಗೂ ಸಲ್ಲುವುದಲ್ಲ. ಸಾಧಾರಣ ಸವಾರನಿಗೆ ಗ್ರ್ಯಾವೆಲ್ ಬೈಕೇ ಕ್ಷೇಮ. ನೋಟಕ್ಕೆ ಅದು ಪಂದ್ಯದ ಸೈಕಲ್ಲಿನಂತೆಯೇ ಬಾಗಿದ ಹಿಡಿಯನ್ನು ಪಡೆದಿದ್ದರೂ, ಅದರ ಗುಟ್ಟೆಲ್ಲ ಟೈರಿನಲ್ಲಿದೆ. ನುಣುಪು ರಸ್ತೆಯ ಸೈಕಲ್ಲಿಗೆ 28 ಮಿಲಿಮೀಟರಿನ ಟೈರು ಸಾಕಾದರೆ ಇದಕ್ಕೆ 40ರ ಆಸುಪಾಸಿನದು ಬೇಕು. ಅಗಲವಾದ ಟೈರಿನಲ್ಲಿ ಗಾಳಿ ಕಡಮೆಯಿದ್ದರೂ ನಡೆಯುವುದರಿಂದ, ಚದರ ಅಂಗುಲಕ್ಕೆ ಮೂವತ್ತು ನಲವತ್ತು ಪೌಂಡಿನ ಒತ್ತಡದಲ್ಲಿ ಅದು ಕಲ್ಲಿನ ಮೇಲೆ ಪುಟಿಯದೆ ಕಲ್ಲನ್ನು ತಬ್ಬಿಕೊಂಡು ಉರುಳುತ್ತದೆ. ಟ್ಯೂಬಿಲ್ಲದ ಟೈರಿನೊಳಗೆ ಹಾಲಿನಂತಹ ಒಂದು ದ್ರವವನ್ನು ಸುರಿದಿರುತ್ತಾರೆ. ಮುಳ್ಳು ಚುಚ್ಚಿದೊಡನೆ ಅದು ತೂತಿನಲ್ಲಿ ಹೆಪ್ಪುಗಟ್ಟಿ, ಪಂಚರ್ ಆದದ್ದೇ ತಿಳಿಯದಂತೆ ಮಾಡುತ್ತದೆ.

ವಾಹನ ಒಳ್ಳೆಯದಾದ ಮಾತ್ರಕ್ಕೆ ಸವಾರಿ ಬಂದೀತೆಂದಲ್ಲ. ಕಡಿದಾದ ಗರಸಿನ ಏರಿನಲ್ಲಿ, ಅಭ್ಯಾಸಬಲದಿಂದ ಆಸನ ಬಿಟ್ಟು ಎದ್ದು ನಿಂತು ತುಳಿದರೆ ಹಿಂದಿನ ಚಕ್ರದ ಮೇಲಣ ಭಾರ ತಪ್ಪಿ, ಚಕ್ರವು ಇದ್ದಲ್ಲಿಯೇ ತಿರುಗಿ, ಸವಾರ ನಿಂತುಬಿಡುತ್ತಾನೆ; ಕುಳಿತೇ, ಸಣ್ಣ ಗೇರಿನಲ್ಲಿ, ತಾಳ್ಮೆಯಿಂದ ಏರಬೇಕು. ಇಳಿಜಾರಿನಲ್ಲಿ ಬ್ರೇಕು ಹಿಡಿಯತಕ್ಕದ್ದು ತಿರುವಿಗೆ ಮೊದಲು. ಸಡಿಲ ಜಲ್ಲಿ ಬಂದು ಗುಡ್ಡೆಯಾಗುವುದೇ ತಿರುವಿನ ಹೊರ ಅಂಚಿನಲ್ಲಾದ್ದರಿಂದ, ಅಲ್ಲಿ ಗಾಬರಿಯಿಂದ ಬ್ರೇಕು ಒತ್ತಿದವನು ದ್ರಾಕ್ಷಿಸಾಲಿಗೆ ಅತಿಥಿಯಾಗುತ್ತಾನೆ. ವಾಹನಗಳು ವೇಗವಾಗಿ ಓಡಾಡುವ ಕಡೆ ರಸ್ತೆಗೆ ಅಡ್ಡಲಾಗಿ ಸಣ್ಣ ಅಲೆಗಳೇಳುವುದೂ ಉಂಟು. ಹಿಡಿಯನ್ನು ಬಿಗಿಹಿಡಿದಷ್ಟೂ ಅವು ಮೈಯನ್ನು ಹೆಚ್ಚು ಅಲುಗಿಸುತ್ತವೆ.

ಸಿಯೆನಾದ ಆಗ್ನೇಯಕ್ಕೆ ಬಂದರೆ ನೆಲವೇ ಬೇರೆ. ‘ಕ್ರೆತೆ ಸೆನೇಸಿ’ ಎಂಬ ಆ ಪ್ರದೇಶ ಲಕ್ಷಾಂತರ ವರ್ಷಗಳ ಹಿಂದೆ ಸಮುದ್ರದ ತಳವಾಗಿತ್ತು. ಅಲ್ಲಿನ ಬೂದುಬಣ್ಣದ ಜೇಡಿಯಲ್ಲಿ ಇಂದಿಗೂ ಚಿಪ್ಪುಗಳು ದೊರೆಯುತ್ತವೆ. ಮಳೆ ಬಿದ್ದರೆ ಆ ಜೇಡಿ ನಮ್ಮ ಬಯಲುಸೀಮೆಯ ಎರೆಮಣ್ಣಿನಂತೆ ಚಕ್ರಕ್ಕೂ ಚೌಕಟ್ಟಿಗೂ ನಡುವೆ ಮೆತ್ತಿಕೊಂಡು ಚಕ್ರವನ್ನು ಉರುಳಗೊಡದು. 2010ರ ಇಟಲಿ ಪ್ರದಕ್ಷಿಣೆಯ ಪಂದ್ಯದಲ್ಲಿ ಮೊಂಟಾಲ್ಚಿನೊದ ಹಾದಿ ಹೀಗೆಯೇ ಮಳೆಗೆ ಕರಗಿ, ಆ ದಿನದ ಪಂದ್ಯ ಗೆದ್ದ ಆಸ್ಟ್ರೇಲಿಯದ ಕಡೆಲ್ ಇವಾನ್ಸರ ವಿಶ್ವವಿಜೇತನ ಅಂಗಿಯ ಬಣ್ಣಗಳು ಕೆಸರಿನಡಿ ಕಾಣದಂತಾಗಿದ್ದವು. 2007ರಿಂದ ವೃತ್ತಿಪರರಿಗಾಗಿ ‘ಸ್ತ್ರಾದೆ ಬ್ಯಾಂಕೆ’ ಎಂದೇ ಈಗ ಪ್ರಸಿದ್ಧವಾಗಿರುವ ಪ್ರತ್ಯೇಕ ಪಂದ್ಯ ನಡೆಯುತ್ತಿದೆ. ಅದನ್ನು ಮೂರು ಸಲ ಗೆದ್ದ ಸ್ವಿಟ್ಜರ್ಲೆಂಡಿನ ಫಾಬಿಯಾನ್ ಕಾನ್ಸೆಲಾರಾರ ಹೆಸರನ್ನು ಕ್ರೆತೆಯ ಮೊಂತೆ ಸಾಂತೆ ಮರಿಯೆ ಹಾದಿಗೆ ಇಟ್ಟು ಗೌರವಿಸಿದ್ದಾರೆ. 2024ರಲ್ಲಿ ಸ್ಲೊವೇನಿಯದ ತಾದೇಯ್ ಪೊಗಾಚಾರ್ 81 ಕಿಲೋಮೀಟರು ಉಳಿದಿರುವಾಗಲೇ ಎಲ್ಲರನ್ನೂ ಬಿಟ್ಟು ಹೊರಟು ಸಿಯೆನಾವನ್ನು ಒಂಟಿಯಾಗಿ ಸೇರಿದರು. ಊರೊಳಗಿನ ಸಾಂತಾ ಕತೆರೀನಾ ಬೀದಿಯ, ನೂರಕ್ಕೆ ಹದಿನಾರರಷ್ಟು ಕಡಿದಾದ, ಕಲ್ಲುಹಾಸಿನ ಕೊನೆಯ ಏರನ್ನು ನೋಡಿದವರಿಗೆ ಆ ಸಾಹಸದ ಬೆಲೆ ತಿಳಿದೀತು.

ಕಿಯಾಂಟಿಯಲ್ಲಿ ಪಂದ್ಯ ಹೊಸದೇನಲ್ಲ ಎನ್ನುವವರು ಒಂದು ಐತಿಹ್ಯವನ್ನು ಹೇಳುತ್ತಾರೆ. ಗಡಿಯ ಜಗಳದಿಂದ ಬಳಲಿದ ಫ್ಲಾರೆನ್ಸ್ ಮತ್ತು ಸಿಯೆನಾ, ಕೋಳಿ ಕೂಗಿದೊಡನೆ ಎರಡೂ ಕಡೆಯಿಂದ ಒಬ್ಬೊಬ್ಬ ಕುದುರೆ ಸವಾರ ಹೊರಡುವುದೆಂದೂ, ಅವರು ಸಂಧಿಸಿದ ಎಡೆಯೇ ಗಡಿಯೆಂದೂ ಒಪ್ಪಿಕೊಂಡುವಂತೆ. ಸಿಯೆನಾದವರು ಬಿಳಿಯ ಹುಂಜವನ್ನು ಚೆನ್ನಾಗಿ ಮೇಯಿಸಿ ಮಲಗಿಸಿದರು. ಫ್ಲಾರೆನ್ಸಿನವರು ಕರಿಯ ಹುಂಜವನ್ನು ಉಪವಾಸ ಕೆಡವಿದರು. ಹಸಿದ ಹುಂಜ ನಡುರಾತ್ರಿಯಲ್ಲೇ ಕೂಗಿತು. ಫ್ಲಾರೆನ್ಸಿನ ಸವಾರ ಸಿಯೆನಾದ ಬಾಗಿಲ ಹತ್ತಿರಕ್ಕೇ ಬಂದುಬಿಟ್ಟ. ಆ ಕರಿಯ ಹುಂಜವೇ ಇಂದು ‘ಕಿಯಾಂಟಿ ಕ್ಲಾಸಿಕೊ’ ಸೀಸೆಯ ಮೇಲಣ ಮುದ್ರೆ. ಕಥೆಯನ್ನು ಬಿಟ್ಟು ದಾಖಲೆಗೆ ಬರುವುದಾದರೆ, ಮದ್ಯಕ್ಕಾಗಿ ಈ ನಾಡಿನ ಎಲ್ಲೆಯನ್ನು 1716ರಲ್ಲಿಯೇ ಮಹಾಪ್ರಭು ಮೂರನೆಯ ಕೋಸಿಮೊ ಶಾಸನ ಹೊರಡಿಸಿ ಗೊತ್ತುಮಾಡಿದನು. ಎರಡು ಸಲ ಇಟಲಿಯ ಪ್ರಧಾನಿಯಾಗಿದ್ದ ಬೆಟ್ಟಿನೊ ರಿಕಾಸೊಲಿ 1872ರಲ್ಲಿ ಸಾಂಜೊವೇಸೆಗೆ ಅಗ್ರಸ್ಥಾನವನ್ನು ಕೊಟ್ಟು ಮಿಶ್ರಣದ ಸೂತ್ರವನ್ನು ಬರೆದನು. ಅವನ ಮನೆತನದ ಬ್ರೋಲಿಯೊ ಕೋಟೆಯ ಬುಡದಲ್ಲಿಯೇ ಲೆರೊಯಿಕಾದ ಮೊದಲ ಏರು.

ಹೋಗಬಯಸುವವರಿಗೆ ಏಪ್ರಿಲಿನಿಂದ ಜೂನಿನವರೆಗಿನ ಕಾಲ ಅನುಕೂಲ. ಆಗಸ್ಟಿನ ಬಿಸಿಲು ನಿರ್ದಯವಾದುದು, ನೆರಳೆಂದರೆ ಸಾಲು ಸೈಪ್ರೆಸ್ ಮರಗಳ ಕಡ್ಡಿನೆರಳು. ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಕೊಯ್ಲು ನಡೆಯುವುದರಿಂದ ದ್ರಾಕ್ಷಿ ತುಂಬಿದ ಟ್ರೇಲರುಗಳು ಈ ಕಿರಿದಾದ ಹಾದಿಗಳಲ್ಲೇ ಬರುತ್ತವೆ. ಸವಾರನು ಇಳಿದು ಪಕ್ಕಕ್ಕೆ ನಿಲ್ಲುವುದು ಮರ್ಯಾದೆ. ದಾರಿಯುದ್ದಕ್ಕೂ ರುಚಿ ನೋಡಲು ಕರೆಯುವ ಮದ್ಯಶಾಲೆಗಳ ವಿಷಯದಲ್ಲಿ ಮಾತ್ರ ಜಾಗರೂಕನಾಗಿರಬೇಕು: ರಕ್ತದಲ್ಲಿ ಲೀಟರಿಗೆ ಅರ್ಧ ಗ್ರಾಮಿಗಿಂತ ಹೆಚ್ಚು ಮದ್ಯಾಂಶವಿರಕೂಡದೆಂಬ ಇಟಲಿಯ ನಿಯಮ ಮೋಟಾರಿನವನಿಗೆ ಹೇಗೋ ಬೈಸಿಕಲ್ಲಿನವನಿಗೂ ಹಾಗೆಯೇ ಅನ್ವಯಿಸುವುದರಿಂದ, ಸೀಸೆಯನ್ನು ಕೊಂಡು ಚೀಲದಲ್ಲಿಟ್ಟು, ಸಂಜೆ ಬಿಡದಿಗೆ ಸೇರಿ ಟೈರಿನ ಧೂಳನ್ನು ತೊಳೆದ ಮೇಲೆ ಬಿರಡೆ ತೆಗೆಯುವುದೇ ಅಲ್ಲಿನ ವಾಡಿಕೆ ಬಲ್ಲವರ ಕ್ರಮ.